ಕರಡಿ ತಿನ್ನದೆ ಬಿಟ್ಟ ಬೆಲ್ಲ

ಬಹಳ ಕಾಲದ ಹಿಂದೆ ಹೊನ್ನಗಿರಿ ಎಂಬ ರಾಜ್ಯದಲ್ಲಿ ಒಂದು ರೂಢಿಯಿತ್ತು. ಬಾಗಿಲಿಗೆ ಬಂದವರು ಶತ್ರುಗಳೇ ಆಗಲಿ, ಮೊದಲು ಬೆಲ್ಲ, ನೀರು. ಆಮೇಲೆ ಮಾತು, ಬೇಕಿದ್ದರೆ ಜಗಳ. ಬಂದವರು ಬಾಯಿಗಿಡುವ ತನಕ ಮನೆಯವರು ಬೆಲ್ಲ ಮುಟ್ಟುತ್ತಿರಲಿಲ್ಲ.

ಅಲ್ಲಿನ ರಾಜಕುಮಾರ ಮಲ್ಲಿದೇವನನ್ನು ಧೂಮ್ರನೆಂಬ ಮಾಂತ್ರಿಕ ಹೊತ್ತೊಯ್ದ. ಅಕ್ಕ ನೀಲಾಂಬೆ ಸೊಂಟಕ್ಕೆ ಬೆಲ್ಲದ ಗಂಟು ಕಟ್ಟಿಕೊಂಡು, ಕಾಡು ದಾಟಿ, ಅವನ ಗುಹೆ ಮುಟ್ಟಿದಳು.

ಧೂಮ್ರ ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಒಂದು ಜಿಂಕೆ, ಒಂದು ಗಿಳಿ, ಒಂದು ಕರಡಿಯನ್ನು ತಂದು ನಿಲ್ಲಿಸಿದ.

"ಇವುಗಳಲ್ಲಿ ಒಂದು ನಿನ್ನ ತಮ್ಮ. ಮೂರು ಸಲ ಪರೀಕ್ಷೆ ಮಾಡಿಕೋ. ತಪ್ಪು ಹೇಳಿದೆಯೋ, ಅವನು ಹೀಗೇ ಉಳಿಯುತ್ತಾನೆ, ನಿನಗೂ ಬಾಲ ಬರುತ್ತದೆ!"

"ನಮ್ಮಮ್ಮನ ಹೆಸರೇನು?" ಎಂದಳು ನೀಲಾಂಬೆ.

"ಗುಣಾಂಬೆ," ಎಂದವು ಜಿಂಕೆ, ಗಿಳಿ ಎರಡೂ, ತಮ್ಮನದೇ ದನಿಯಲ್ಲಿ. ಕರಡಿ ಬರೀ ಗುರ್ ಎಂದಿತು.

"ಅಮ್ಮನ ಜೋಗುಳ ಹಾಡಿ."

ಎರಡೂ ಹಾಡಿದವು. ಕರಡಿ ಇನ್ನೂ ಜೋರಾಗಿ ಗುರುಗುಟ್ಟಿತು. "ಅಕ್ಕಾ, ಅದರ ಹತ್ತಿರ ಹೋಗಬೇಡ!" ಎಂದಿತು ಗಿಳಿ.

ನೀಲಾಂಬೆಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ತಮ್ಮನ ದನಿಯಲ್ಲಿ ಹಾಡಿದ ಜಿಂಕೆಯ ಕಾಲು ಅವಳನ್ನು ಕಂಡು ಗಡಗಡ ನಡುಗುತ್ತಿತ್ತು. ಗಿಳಿಯ ಕಣ್ಣೆಲ್ಲ ಬೆಲ್ಲದ ಗಂಟಿನ ಮೇಲಿತ್ತು. ಮಾತು ಒಂದು ಹೇಳಿದರೆ ಮೈ ಇನ್ನೊಂದು ಹೇಳುತ್ತಿದೆಯಲ್ಲ! ಹಾಗಾದರೆ ಈ ಕರಡಿ ಏನು ಹೇಳುತ್ತಿರಬಹುದು?

ಮೂರನೆಯ ಸಲ ಅವಳು ಏನನ್ನೂ ಕೇಳಲಿಲ್ಲ. ಮೂರು ಬೆಲ್ಲದ ಉಂಡೆ ಇಟ್ಟು ಸುಮ್ಮನೆ ಕುಳಿತಳು.

ಜಿಂಕೆ, ಗಿಳಿ ಗಬಗಬ ತಿಂದವು. ಕರಡಿಯ ಬಾಯಿಂದ ಜೊಲ್ಲು ಸುರಿಯಿತು. ಆದರೂ ಅದು ಉಂಡೆಯನ್ನು ಮೂತಿಯಿಂದ ತಳ್ಳುತ್ತ ತಂದು ಅವಳ ಪಾದದ ಬಳಿ ಬಿಟ್ಟು, ಅವಳ ಬಾಯನ್ನೇ ನೋಡುತ್ತ ಕುಳಿತಿತು. ಆ ಗುಹೆಯಲ್ಲಿ ಇದ್ದವನು ಅವನು, ಬಂದವಳು ಅವಳು.

ನೀಲಾಂಬೆ ಅಳುತ್ತಲೇ ಬೆಲ್ಲ ಬಾಯಿಗಿಟ್ಟಳು. "ಇವನೇ ನನ್ನ ತಮ್ಮ!"

ಕರಡಿಯ ಚರ್ಮ ಕಳಚಿ ಮಲ್ಲಿದೇವ ಎದ್ದು ನಿಂತ.

"ಅವನ ಮಾತು, ನೆನಪು ಎಲ್ಲ ಕದ್ದು ಅವಕ್ಕೆ ತುಂಬಿದ್ದೆನಲ್ಲಾ! ಏನು ಬಿಟ್ಟುಹೋಯಿತು?" ಎಂದು ಕೂಗುತ್ತಲೇ, ಮಂತ್ರ ಮುರಿದ ಧೂಮ್ರ ಹೊಗೆಯಾಗಿ ಕರಗಿಹೋದ. ಪಾಪ, ಅವನ ಗುಹೆಗೆ ಒಮ್ಮೆಯೂ ನೆಂಟರು ಬಂದಿರಲಿಲ್ಲ.

ದಾರಿಯಲ್ಲಿ ನೀಲಾಂಬೆ ಕೇಳಿದಳು: "ಅಷ್ಟೊಂದು ಗುರುಗುಟ್ಟುತ್ತಿದ್ದೆಯಲ್ಲೋ, ಏನು ಹೇಳುತ್ತಿದ್ದೆ?"

ಮಲ್ಲಿದೇವ ಒಮ್ಮೆ ಗುರ್ ಎಂದು ನೋಡಿದ. "ಕರಡಿಯಾಗಿದ್ದಾಗ ಗೊತ್ತಿತ್ತು ಅಕ್ಕ. ಈಗ ಹೇಳೋಕೆ ಬರುತ್ತಿಲ್ಲ."

ಅಕ್ಕ, ತಮ್ಮ ಇಬ್ಬರೂ ರಾಜ್ಯಕ್ಕೆ ಮರಳಿ ನೂರು ಕಾಲ ಸುಖವಾಗಿ ಬಾಳಿದರು. ಆದರೆ ನೀಲಾಂಬೆ ಆಗಾಗ ಬೆಲ್ಲ ಹಿಡಿದು ಕಾಡಿನಂಚಿಗೆ ಹೋಗಿ, ಕರಡಿಗಳ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದಳು.