ಗೊತ್ತಿಲ್ಲದ ಹಾಡಿನ ಸಂಜೆ

"ಇಲ್ಲಿ ಯಾರರ ಕುಂತಾರೇನ್ರಿ?"

ಆ ದನಿ ಕೇಳಿ ನೀಲಾ ತಿರುಗಲಿಲ್ಲ. ತಿರುಗದೆಯೇ ಗೊತ್ತಾಯಿತು... ವಿಜಯ! ತನ್ನ ಜೊತೆ ನಿಶ್ಚಯವಾದ ಹುಡುಗ. ಹನ್ನೊಂದು ತಿಂಗಳಿಂದ ಮುಖ ತೋರಿಸದವನು.

ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ.

"ನನ್ನ ಗೆಳತಿ ಮಧು ಕುಂತಾಳ. ಮಿರ್ಚಿ ಭಜಿ ತರಾಕ ಹೋಗ್ಯಾಳ," ಎಂದಳು.

"ಆಕಿ ಬರಂಗಿಲ್ಲ. ನನ್ನ ಕರೆಸಿದ್ದು ಆಕಿನ."

ಬೈಲಹೊಂಗಲದ ಕಾಲೇಜು ಮೈದಾನದಲ್ಲಿ ರಾಮದುರ್ಗದ ಭಾಗೀರಥಿ ಎಂಬ ಹುಡುಗಿ ಗಿಟಾರ್ ಹಿಡಿದು ತಾನೇ ಬರೆದ ಹಾಡು ಹಾಡುತ್ತಿದ್ದಳು. ಅವಳ ಹೆಸರನ್ನೂ ಅಲ್ಲಿ ಯಾರೂ ಕೇಳಿರಲಿಲ್ಲ.

"ಅಕ್ಕಾರ, ಗೊತ್ತಿದ್ದ ಹಾಡ ಹಾಡ್ರಿ!" ಹಿಂದಿನಿಂದ ಯಾರೋ ಕೂಗಿದರು.

"ಕೇಳಿದ ಮ್ಯಾಲ ಗೊತ್ತಾಗ್ತೈತಿ, ಕುಂದರ್ರಿ ಅಣ್ಣಾರ!" ಎಂದಳು ಭಾಗೀರಥಿ ಮೈಕಿನಲ್ಲಿ. ಮೈದಾನ ನಕ್ಕಿತು.

ನೀಲಾ ಬಂದದ್ದೇ ಗೊತ್ತಿಲ್ಲದ ಹಾಡಿಗೆ. ಗೊತ್ತಿರುವ ಹಾಡುಗಳಲ್ಲೆಲ್ಲ ಅಪ್ಪ ಇದ್ದ, ಟ್ರ್ಯಾಕ್ಟರ್ ಮೇಲೆ ಕೂತು ಗುನುಗುತ್ತಿದ್ದ ಅಪ್ಪ. ಈ ಹಾಡುಗಳಲ್ಲಿ ಯಾರೂ ಇರಲಿಲ್ಲ...

"ನಾಳೆ ಸಿರಸಂಗಿಯಿಂದ ನಿನ್ನ ನೋಡಾಕ ಬರ್ತಾರಂತ?"

"ಹೂಂ."

"ನೀ ಒಪ್ಗೊಂಡೀ?"

"ಅವ್ವ ಕೇಳಿದ್ಲು. ಹೂಂ ಅಂದ್ನಿ."

ಚಹಾ ಬೇಕಾ ಅಂದರೆ ಹೂಂ ಅನ್ನುವ ಹಾಗೆಯೇ ಅಂದಿದ್ದಳು. ನಾಳೆಯೇ ಮದುವೆಯ ಮಾತು ಮುಗಿಸುವುದೆಂದು ಹಿರಿಯರು ಗಟ್ಟಿ ಮಾಡಿದ್ದರು.

"ಅಪ್ಪ ಹೋದ ಮೂರನೇ ದಿನ ಮಾತಾಡ್ಸಾಕ ಬಂದವ್ರು ನೀವು ಮತ್ತ ಬರಲಿಲ್ಲ. ಫೋನೂ ಎತ್ತಲಿಲ್ಲ. ಯಾಕ್ರಿ?" ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ವಿಜಯ ಪಕ್ಕದಲ್ಲಿ ಕೂತ. ಒಂದು ಹಾಡು ಪೂರ್ತಿ ಮುಗಿಯಿತು.

"ಅವತ್ತ ಹೊರಡುವಾಗ ರೂಢಿ ಮ್ಯಾಲ 'ಹೋಗಿ ಬರತೇನಿ' ಅಂದುಬಿಟ್ನಿ, ನೀಲಾ. ಸಾವಾದ ಮನ್ಯಾಗ ಹಂಗ ಅನಬಾರ್ದು, ಸುಮ್ಮನ ಎದ್ದು ಹೋಗಬೇಕು... ಗೊತ್ತಿತ್ತು. ಆದ್ರೂ ಬಾಯಿಗೆ ಬಂತು. ಎಂಟ ದಿನಕ್ಕ ನಿಮ್ಮ ಅಜ್ಜಿನೂ ಹೋದ್ರು. ನಿಮ್ಮ ಅತ್ತಿ ಪದ್ಮವ್ವಾರು ಫೋನ್ ಮಾಡಿ, 'ನಿನ್ನ ಮಾತಿಗೇ ಸಾವು ತಿರುಗಿ ಬಂತು, ಇನ್ನ ಈ ಹೊಸ್ತಿಲಾ ತುಳೀಬ್ಯಾಡ' ಅಂದ್ರು. ನನಗೂ ಖರೇ ಅನಿಸ್ತು."

ನೀಲಾ ಆಗ ಅವನ ಕಡೆ ತಿರುಗಿದಳು. ಸೊರಗಿ ಹೋಗಿದ್ದ.

"ಅಜ್ಜಿಗೆ ತೊಂಬತ್ತೆರಡ ಆಗಿತ್ತಲ್ರೀ!"

"ಆದ್ರೂ..."

"ನಿಮ್ಮ ಬಾಯಾಗ ಅಷ್ಟ ತಾಕತ್ತಿದ್ರ ನಿಮ್ಮ ಗೋವಿನಜೋಳದ ಹೊಲದಾಗಿನ ಹಂದಿ ಒಂದೂ ಉಳೀತಿರಲಿಲ್ಲ. 'ಸಾಯ್ರಿ' ಅಂತ ದಿನಾ ಬೈತಿದ್ರಿ."

ಅಂದ ಮೇಲೆ ಅವಳಿಗೇ ಅಚ್ಚರಿ. ಇಂಥ ಮಾತು ತನ್ನ ಬಾಯಿಂದ ಬಂದು ಎಷ್ಟು ದಿನವಾಗಿತ್ತು!

ವಿಜಯ ನಗಲು ಹೋದ. ಆಗಲಿಲ್ಲ.

"ನನಗ ನೀ ಬೇಕು, ನೀಲಾ. ದೂರ ಇದ್ರ ನಿಮಗೆಲ್ಲಾ ಚಲೋ ಅಂತ ಇದ್ನಿ... ಇನ್ನ ಆಗಂಗಿಲ್ಲ."

"ನನಗ ಖುಷಿ ಆಗವಲ್ತು. ಸುಳ್ಳ ಹೇಳಂಗಿಲ್ಲ. ಏನೂ ಆಗವಲ್ತು."

"ಆಗದಿದ್ರ ಬಿಡು. ನಾ ಬಾಜೂಕ ಇರತೇನಿ."

ಅವಳು ಅವನನ್ನೇ ನೋಡಿದಳು. ಆಮೇಲೆ ಫೋನ್ ತೆಗೆದಳು.

"ಅವ್ವಾ, ಸಿರಸಂಗಿಯವರಿಗೆ ನಾಳೆ ಬರಬ್ಯಾಡ್ರಿ ಅಂತ ಹೇಳು."

"ಯಾಕವಾ? ಯಾರ ಅದಾರಲ್ಲೆ?"

"ವಿಜಯ."

ವೇದಿಕೆಯ ಮೇಲೆ ಭಾಗೀರಥಿ ತಂತಿ ಬಿಗಿ ಮಾಡುತ್ತಿದ್ದಳು.

"ಉಂಡಾನೇನ ಕೇಳು," ಎಂದಳು ಅವ್ವ ಕೊನೆಗೆ.

ನೀಲಾ ಫೋನನ್ನು ಕೆಳಗಿಳಿಸಿದಳು. "ಊಟ ಆಗೇತೇನಂತ ಕೇಳಾಕತ್ಯಾಳ ಅವ್ವ."

ವಿಜಯ ಇಲ್ಲವೆಂದು ತಲೆಯಾಡಿಸಿದ.

"ಇಲ್ಲಂತವ್ವಾ... ಎರಡ ರೊಟ್ಟಿ ಜಾಸ್ತಿ ಬಡಿ."

ಅಷ್ಟು ಹೇಳಿ ಫೋನ್ ಇಟ್ಟ ನೀಲಾ, ಎಷ್ಟೋ ತಿಂಗಳ ಮೇಲೆ ಅತ್ತಳು.