ಲೂಚಿಯಾಳ ಎಡೆ

ನವೆಂಬರ್ ಒಂದನೇ ತಾರೀಖಿಗೆ ಹಿಲ್ಸ್‌ಬರೋದ ನೆಲ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಮೇಲಿನ ಒಂದು ಗೇಣು ಮಣ್ಣು ತಣ್ಣಗಿತ್ತು, ಅದರ ಕೆಳಗೆ ಬೇಸಿಗೆಯ ಬಿಸಿ ಸ್ವಲ್ಪ ಉಳಿದಿತ್ತು. ಅಂಜೂರದ ಗಿಡ ಹೂಳುವುದಕ್ಕೆ ಅದೇ ಹದ ಎಂದು ಮನೆಯ ಯಜಮಾನಿ ಫಿಲೋಮೆನಾ ಹೇಳಿದ್ದಳು. ಇಲ್ಲಿನ ಕನ್ನಡಿಗರನ್ನು ಸುತ್ತಲಿನ ಇಟಾಲಿಯನ್ ಕೇರಿಗಳಿಗೆ ಟೂರ್ ಕರೆದೊಯ್ಯುವ ಧ್ರುವ್ ಬೆಳಿಗ್ಗೆಯಿಂದ ಅಗೆಯುತ್ತಿದ್ದ.

ಒಂದು ಬದಿಯ ಬೇರು ಕತ್ತರಿಸಬೇಕು. ಗಿಡವನ್ನು ಇನ್ನೊಂದು ಬದಿಗೆ ನಿಧಾನವಾಗಿ ಬಾಗಿಸಬೇಕು. ಆರಡಿ ಉದ್ದದ ಗುಂಡಿಯಲ್ಲಿ ಮಲಗಿಸಿ, ಗೋಣಿತಾಟು ಹೊದಿಸಿ, ಮಣ್ಣು ಮುಚ್ಚಬೇಕು. ಇಟಲಿಯ ಬಿಸಿಲಿನ ಗಿಡ ಅದು. ಇಲ್ಲಿನ ಹಿಮದಲ್ಲಿ ನಿಂತರೆ ಸಾಯುತ್ತದೆ, ಮಲಗಿದರೆ ಬದುಕುತ್ತದೆ.

"ಇಟಲಿ ತೋರಿಸ್ತೀನಿ ಅಂತ ಕರ್ಕೊಂಡ್ ಬಂದು ಗುಂಡಿ ತೋಡಿಸ್ತಿದ್ದೀಯಲ್ಲಪ್ಪಾ ಧ್ರುವ್," ಎಂದರು ಟೂರಿಗೆಂದು ಮನ್ರೋದಿಂದ ಬಂದಿದ್ದ ಶಿವಶಂಕರಪ್ಪ. "ದುಡ್ಡೂ ನಾವೇ ಕೊಟ್ಟು ಕೂಲಿನೂ ನಾವೇ ಮಾಡೋದು ಯಾವ ನ್ಯಾಯ?"

"ನೀವೇನು ಮಾಡ್ತಿದ್ದೀರ, ಹಗ್ಗ ಹಿಡ್ಕೊಂಡು ನಿಂತಿದ್ದೀರ," ಎಂದರು ಅವರ ಹೆಂಡತಿ ಕೃಷ್ಣಮ್ಮ. "ಆ ಹಗ್ಗದ ಇನ್ನೊಂದು ತುದೀಲಿ ಏನೂ ಇಲ್ಲ, ನೋಡ್ಕೊಳಿ."

ಎಲ್ಲರೂ ನಕ್ಕರು. ಮಾಧವಿಯೂ ನಕ್ಕಳು. ಅವಳು ಕೊಂಬೆಗಳನ್ನು ಒಟ್ಟುಮಾಡಿ ದಾರ ಸುತ್ತುತ್ತಿದ್ದಳು. ಪಿರಿಯಾಪಟ್ಟಣದ ಕಡೆಯ ಹಳ್ಳಿಯಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬೆಳೆದ ಬೆರಳುಗಳು. ಹದಿನೈದು ವರ್ಷ ಔಷಧಿ ಕಂಪನಿಯ ಲ್ಯಾಬಿನಲ್ಲಿ ಗಾಜಿನ ಕೊಳವೆ ಹಿಡಿದರೂ ಗಂಟು ಮರೆತಿರಲಿಲ್ಲ.

ಧ್ರುವ್ ಸನಿಕೆಗೆ ಒರಗಿ ಆ ಬೆರಳುಗಳನ್ನೇ ನೋಡುತ್ತಿದ್ದ. ನೋಡುವುದು ಅವಳಿಗೆ ಗೊತ್ತಾಯಿತೆಂದು ತಿಳಿದ ಕೂಡಲೇ ಮಣ್ಣಿನ ಕಡೆ ತಿರುಗಿದ.

"ಇದು ನಿಮ್ಮ ನಾಲ್ಕನೇ ಟೂರ್, ಮಾಧವಿ," ಎಂದ. "ಅದೇ ಬ್ರೆಡ್ಡು, ಅದೇ ಚೀಸು, ಅದೇ ನೆವಾರ್ಕ್ ಚರ್ಚಿನ ಪೇಂಟಿಂಗು. ಪಾಸ್ಟಾ ಅಷ್ಟು ಇಷ್ಟಾನಾ ನಿಮಗೆ?"

"ಗ್ರೀನ್ ಕಾರ್ಡ್ ಬಂದಿಲ್ಲ. ದೇಶದ ಹೊರಗೆ ಹೋದ್ರೆ ವಾಪಸ್ ಬರೋಕೆ ವೀಸಾ ಸ್ಟ್ಯಾಂಪಿಂಗ್ ತಲೆನೋವು. ನಮ್ಮಂಥವರಿಗೆ ಇದೇ ಇಟಲಿ."

"ಒಂದು ಸಲ ಬಂದ್ರೆ ಸಾಕಲ್ವಾ?"

"ಪೇಂಟಿಂಗ್ ಎದುರಿಗೆ ನಿಂತು ನೀವು ಪ್ರತಿ ಸಲ ಬೇರೆ ಬೇರೆ ಕಥೆ ಹೇಳ್ತೀರ. ಯಾವುದು ನಿಜ ಅಂತ ನೋಡೋಕೆ ಬರ್ತೀನಿ."

ಅವನ ಕಿವಿ ಕೆಂಪಾಯಿತು. ಇಲ್ಲೇ ಓಲ್ಡ್ ಬ್ರಿಡ್ಜ್‌ನಲ್ಲಿ ಹುಟ್ಟಿ ಬೆಳೆದ ನಲವತ್ತರ ಗಂಡಸಿಗೆ ಹಾಗೆ ಕಿವಿ ಕೆಂಪಾಗುವುದನ್ನು ಕಾಣಲೆಂದೇ ತಾನು ಎರಡು ವರ್ಷದಿಂದ ಬರುತ್ತಿರುವುದು ಎಂದು ಮಾಧವಿ ಹೇಳಲಿಲ್ಲ. ಬೇರೆ ಮಾತು ಹೇಳಿದಳು.

"ಇದೇ ಕೊನೇದು ಇರಬಹುದು. ನಮ್ಮ ಲ್ಯಾಬ್ ನಾರ್ತ್ ಕ್ಯಾರೊಲೈನಾಕ್ಕೆ ಹೋಗ್ತಿದೆ. ಬರ್ತೀನೋ ಇಲ್ವೋ ಅಂತ ಸೋಮವಾರ ಹೇಳಬೇಕು."

ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಲ್ಲೇ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಅವನು "ಓಹ್" ಎಂದ. ಮತ್ತೆ ಅಗೆಯತೊಡಗಿದ.

ಗಿಡ ಬಾಗುವಾಗ ಮುಲುಗಿತು. ಮಣ್ಣು ಮುಚ್ಚಿದ ಮೇಲೆ ಹಿತ್ತಲಿನಲ್ಲಿ ಒಂದಾಳುದ್ದದ ದಿಬ್ಬ ಉಳಿಯಿತು. ಕೃಷ್ಣಮ್ಮ ಅದನ್ನು ಸುತ್ತಿಬಳಸಿ ನಡೆದರು. ಯಾರೂ ಹಾಗೆ ಮಾಡಿ ಎಂದಿರಲಿಲ್ಲ.

*

ಮೂರು ವರ್ಷದ ಹಿಂದೆ ಧ್ರುವನ ಹೆಂಡತಿ ಲೂಚಿಯಾ ತೀರಿಕೊಂಡಿದ್ದಳು. ಫಿಲೋಮೆನಾ ಅವಳ ತಾಯಿ. ಮಗಳು ಹೋದ ಮೇಲೂ ಅಳಿಯ ಅತ್ತೆಯ ಮನೆ ಬಿಟ್ಟು ಹೋಗಲಿಲ್ಲ, ಅತ್ತೆ ಹೋಗು ಎನ್ನಲಿಲ್ಲ. ಟೂರಿನವರನ್ನು ಇಲ್ಲೇ ಉಳಿಸಿಕೊಳ್ಳುತ್ತಿದ್ದರು. ಅಡುಗೆ ಕಲಿಸುವುದು ಅವಳ ಪಾಲು, ಕಥೆ ಹೇಳುವುದು ಅವನ ಪಾಲು.

ಅವತ್ತು ಸಂಜೆ ಫಿಲೋಮೆನಾ ಅಡುಗೆಮನೆಯ ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿದಳು. ಒಂದು ತಟ್ಟೆ, ಒಂದು ಲೋಟ ವೈನು, ಒಂದು ತುಂಡು ಬ್ರೆಡ್ಡು, ಒಂದು ಕುರ್ಚಿ. ಮೊಂಬತ್ತಿ ಹಚ್ಚಿದಳು.

"ಈ ರಾತ್ರಿ ಸತ್ತವರು ಮನೆಗೆ ಬರುತ್ತಾರೆ," ಎಂದಳು ತನ್ನ ತುಂಡು ಇಂಗ್ಲಿಷಿನಲ್ಲಿ. "ಹಸಿದು ಬರುತ್ತಾರೆ."

ಮಾಧವಿಗೆ ಮೈ ಜುಮ್ಮೆಂದಿತು, ಹೆದರಿಕೆಗಲ್ಲ, ಗುರುತು ಹತ್ತಿದ್ದಕ್ಕೆ. ಊರಿನಲ್ಲಿ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಹೀಗೇ ಎಡೆ ಇಡುತ್ತಿದ್ದರು. ಬಾಳೆಲೆ, ವಡೆ, ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟು.

ಮುದುಕಿ ಡಬ್ಬಿಯಿಂದ ಬಿಸ್ಕತ್ತು ತೆಗೆದು ತಟ್ಟೆಯಲ್ಲಿಟ್ಟಳು. ಬೆಳ್ಳಗೆ, ಗಟ್ಟಿಯಾಗಿ, ಬೆರಳಿನ ಮೂಳೆಯ ಆಕಾರದವು. ಅವುಗಳ ಹೆಸರೇ ಸತ್ತವರ ಮೂಳೆ. ಅವಳು ತನ್ನ ಭಾಷೆಯಲ್ಲಿ ಎಣಿಸಿದಳು, ಮಾಧವಿ ಮನಸ್ಸಿನಲ್ಲೇ ಕನ್ನಡದಲ್ಲಿ ಎಣಿಸಿದಳು. ಏಳು. ಲೂಚಿಯಾ ಮದುವೆಯಾಗಿ ಬಾಳಿದ ವರ್ಷ ಏಳು.

ಐದು ಗಂಟೆಗೆ ಎಲ್ಲರೂ ವ್ಯಾನ್ ಹತ್ತಿ ಚರ್ಚಿಗೆ ಹೊರಟರು. ಒಲೆಯ ಮೇಲೆ ಟೊಮೆಟೊ ಸಾಸು ಕುದಿಯುತ್ತಿತ್ತು. ನೋಡಿಕೊಳ್ಳುತ್ತೇನೆ ಎಂದು ಮಾಧವಿ ಉಳಿದಳು. ಹೊರಡುವಾಗ ಧ್ರುವ್ ಬಾಗಿಲಲ್ಲಿ ನಿಂತು ಏನೋ ಹೇಳಬೇಕೆಂದು ಬಾಯಿ ತೆರೆದ. ಶಿವಶಂಕರಪ್ಪ ಹಾರ್ನ್ ಒತ್ತಿದರು.

ಮನೆಯಲ್ಲಿ ಅವಳು ಒಬ್ಬಂಟಿಯಾದಳು. ಅಡುಗೆಮನೆಯ ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ದಿಬ್ಬದ ಮೇಲಿಂದ ಬರುವ ಗಾಳಿಗೆ ಮೊಂಬತ್ತಿ ಅಡ್ಡಡ್ಡ ಮಲಗುತ್ತಿತ್ತು. ಮಾಧವಿಗೆ ಏನೂ ಯೋಚಿಸುವುದಕ್ಕಿರಲಿಲ್ಲ. ಎಡೆ ಇಟ್ಟ ಮೇಲೆ ಬಾಗಿಲು ಹಾಕಬೇಕು. ಬಂದವರು ಸಂಕೋಚವಿಲ್ಲದೆ ಉಣ್ಣಬೇಕು. ಸಾಸಿನ ಉರಿ ಸಣ್ಣಗೆ ಮಾಡಿದಳು. ಹಿತ್ತಲ ಬಾಗಿಲು ಹಾಕಿ ಚಿಲಕ ಸೇರಿಸಿದಳು. ಒಳಬಾಗಿಲನ್ನೂ ಎಳೆದುಕೊಂಡು ಹಜಾರದಲ್ಲಿ ನಿಂತಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಕುರ್ಚಿ ಸರಿದ ಸದ್ದು.

ಹಳೇ ಮನೆ, ಮರದ ನೆಲ, ಸರಿಯುತ್ತದೆ ಎಂದುಕೊಂಡಳು. ಊರಿನಲ್ಲಿ ಮಾಡುವಂತೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದಳು.

ಮೊಂಬತ್ತಿ ನೆಟ್ಟಗೆ ಉರಿಯುತ್ತಿತ್ತು. ಕುರ್ಚಿ ಮೇಜಿಗೆ ಬೆನ್ನು ಕೊಟ್ಟು ಬಾಗಿಲ ಕಡೆ, ಅವಳ ಕಡೆ, ತಿರುಗಿತ್ತು. ಹೊಸ ಸೊಸೆ ಮೊದಲ ದಿನ ಸೌಟು ಹಿಡಿಯುವುದನ್ನು ಯಾರೋ ಕೂತು ನೋಡುವ ಹಾಗೆ. ಮುರಿದ ಅಂಜೂರದೆಲೆಯ ಹಸಿ ವಾಸನೆ ಕೋಣೆಯ ತುಂಬ ಇತ್ತು.

ಓಡಿಹೋಗಬಹುದಿತ್ತು. ಆದರೆ ಎಡೆಯ ಮುಂದಿನಿಂದ ಏನೂ ತಿನ್ನದೆ ಎದ್ದು ಹೋಗುವುದು ಬಂದವರಿಗೆ ಅವಮಾನ. ಒಂದು ಬಿಸ್ಕತ್ತು ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು, ಕಚ್ಚಿದಳು. ಮೂಳೆ ಮುರಿದ ಸದ್ದೇ ಬಂತು. ಬಾದಾಮಿ, ಲವಂಗ. ಪೂರ್ತಿ ತಿಂದಳು.

*

ವ್ಯಾನ್ ಬಂತು. ಒಳಗೆ ಬಂದ ಧ್ರುವ್ ಮುಚ್ಚಿದ ಹಿತ್ತಲ ಬಾಗಿಲನ್ನು ನೋಡಿ ನಿಂತುಬಿಟ್ಟ.

"ಇದನ್ನ ಯಾರು ಹಾಕಿದ್ರು?"

"ನಾನು. ಎಡೆ ಇಟ್ಟ ಮೇಲೆ..."

"ಬೆಳಗಿನ ಬೆಲ್ ತನಕ ಓಪನ್ ಇರಬೇಕು, ಮಾಧವಿ. ಬಂದ ದಾರೀಲೇ ಹೋಗಬೇಕು ಅವರು. ಮುಚ್ಚಿದ್ರೆ..."

ಫಿಲೋಮೆನಾ ತಟ್ಟೆಯ ಮೇಲೆ ಬಗ್ಗಿದ್ದಳು. ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು. "ಐದು," ಎಂದಳು.

ಏಳರಲ್ಲಿ ಐದು ಎಂದರೆ ಎರಡು ಹೋಗಿವೆ, ಮಾಧವಿ ಲೆಕ್ಕ ಹಾಕಿದಳು. ತಾನು ತಿಂದದ್ದು ಒಂದು.

ಹೇಳಬೇಕಿತ್ತು. ಹೇಳುವಷ್ಟರಲ್ಲಿ ಮುದುಕಿಯ ಮುಖ ಅರಳಿತು. ಮೂರು ವರ್ಷದಲ್ಲಿ ಯಾರೂ ಕಾಣದ ಸಂತೋಷ ಅದು. ಅವಳು ಬಾಗಿಲ ಬಳಿ ಹೋಗಿ ಬೀಗ ಹಾಕಿ, ಕೀಲಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು.

"ಬಂದಿದ್ದಾಳೆ. ಒಳಗೇ ಇದ್ದಾಳೆ," ಎಂದಳು. "ಎರಡು ಸಲ ನಾನೇ ಬಾಗಿಲು ತೆರೆದು ಹೆತ್ತ ಮಗಳನ್ನು ಕಳಿಸಿದೆ. ಈ ಸಲ ಕಳಿಸುವುದಿಲ್ಲ."

ಧ್ರುವ್ ಬೇಡ ಎನ್ನಲಿಲ್ಲ. ಆ ಕುರ್ಚಿಯ ಎದುರಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ.

ಟೂರಿನವರು ಹಜಾರದಲ್ಲಿ ತಟ್ಟೆ ಹಿಡಿದು ಉಂಡರು. ಶಿವಶಂಕರಪ್ಪನವರೂ ತಮಾಷೆ ಮಾಡಲಿಲ್ಲ. "ರೀ, ಬೇಗ ಮಲಗೋಣ, ಕಂಬಳಿ ಎರಡು ತಗೊಳಿ," ಎಂದರು ಕೃಷ್ಣಮ್ಮ. ಆ ಹೊತ್ತಿನಲ್ಲಿ ಮಾಧವಿ ಒಂದು ಸಲ ಅಡುಗೆಮನೆಗೆ ಇಣುಕಿದಳು. ಧ್ರುವ್ ಖಾಲಿ ಕುರ್ಚಿಯನ್ನು ನೋಡುತ್ತಿದ್ದ. ಬೆಳಿಗ್ಗೆ ಅವಳ ಬೆರಳುಗಳನ್ನು ನೋಡಿದ ಅದೇ ಕಣ್ಣಲ್ಲಿ.

ನಾನೇ ಚಿಲಕ ಹಾಕಿದೆ, ಎಂದುಕೊಂಡಳು. ನನ್ನ ಕೈಯಾರೆ ಅವಳನ್ನು ಒಳಗಿಟ್ಟು ಅವನನ್ನು ಕಳೆದುಕೊಂಡೆ.

*

ಅಭ್ಯಾಸದಂತೆ ಆರಕ್ಕೆ ಎಚ್ಚರವಾಯಿತು. ಫೋನು ಐದು ಎನ್ನುತ್ತಿತ್ತು. ಚಳಿಗಾಲಕ್ಕೆಂದು ಇಲ್ಲಿನ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಹೋಗುವ ಭಾನುವಾರ. ಚರ್ಚಿನ ಬೆಲ್ಲಿಗೆ ಇನ್ನೂ ಒಂದು ಗಂಟೆ, ಯಾವ ಲೆಕ್ಕಕ್ಕೂ ಸೇರದ ಗಂಟೆ.

ಸುಮಾರು ಹೊತ್ತು ಹಾಸಿಗೆಯಲ್ಲೇ ಹೊರಳಾಡಿ ಮೆಟ್ಟಿಲಿಳಿದಾಗ ಅಡುಗೆಮನೆಯಲ್ಲಿ ಮಾತು ಕೇಳಿಸಿತು. ಕನ್ನಡ.

"ಊಟ ಆಯ್ತಾ?" ಧ್ರುವ್ ಕೇಳುತ್ತಿದ್ದ. ಸುಮ್ಮನಿದ್ದು ಮತ್ತೆ, "ಊಟ ಆಯ್ತಾ?"

ಮಾಧವಿ ಒಳಗೆ ಬಂದಳು. ಅವನು ಬೆಚ್ಚಲಿಲ್ಲ.

"ಅವಳಿಗೆ ಬರ್ತಿದ್ದ ಕನ್ನಡ ಇಷ್ಟೇ," ಎಂದ. "ನಾನು ಮನೆಗೆ ಬಂದ ಕೂಡಲೇ ಕೇಳೋಳು. ಆ ದಿನ ಹಾಸ್ಪಿಟಲ್‌ನಿಂದ ಫೋನ್ ಬಂದಾಗ ನಾನು ಬ್ರಾಂಕ್ಸ್‌ನಲ್ಲಿ ಹನ್ನೆರಡು ಜನಕ್ಕೆ ಚೀಸ್ ತೋರಿಸ್ತಿದ್ದೆ. ಹೋಗೋವಷ್ಟರಲ್ಲಿ ಮುಗಿದಿತ್ತು. ಬೈ ಕೂಡ ಹೇಳಿಲ್ಲ ನಾನು."

ಮೂಲೆಯಲ್ಲಿ ಫಿಲೋಮೆನಾ ಶಾಲು ಹೊದ್ದು ಕೂತಿದ್ದಳು. ಕೈ ಏಪ್ರನ್ನಿನ ಜೇಬಿನಲ್ಲಿತ್ತು. ಇಬ್ಬರೂ ಹೀಗೇ ಕೂತು ವರ್ಷಗಳನ್ನು ಕಳೆಯಬಲ್ಲರು ಎಂದು ಮಾಧವಿಗೆ ಅನಿಸಿತು. ಸುಮ್ಮನಿದ್ದರೆ ಇಬ್ಬರಿಗೂ ಅವಳು ಒಳ್ಳೆಯವಳಾಗೇ ಉಳಿಯುತ್ತಿದ್ದಳು. ಬಾಯಿ ಬಿಟ್ಟರೆ ಬಹುಶಃ ಈ ಮನೆಗೆ ಮತ್ತೆ ಕಾಲಿಡುವಂತಿಲ್ಲ.

"ಒಂದು ನಾನು ತಿಂದೆ," ಎಂದಳು. ಫಿಲೋಮೆನಾಳಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದಳು. "ನಮ್ಮೂರಲ್ಲಿ ಸತ್ತವರ ಎಡೆಯನ್ನು ಉಳಿದವರು ಉಣ್ಣುತ್ತೇವೆ. ಕಳ್ಳತನ ಅಲ್ಲ. ಆದರೆ ನಿನ್ನೆ ಹೇಳಲಿಲ್ಲ, ಅದು ತಪ್ಪು."

ಧ್ರುವ್ ನಿಧಾನವಾಗಿ ತಲೆಯೆತ್ತಿದ. "ಇನ್ನೊಂದು?"

"ಇನ್ನೊಂದು ನಾನಲ್ಲ."

ಮೊಂಬತ್ತಿ ಯಾವಾಗಲೋ ಆರಿತ್ತು, ಆದರೂ ಬತ್ತಿಯಿಂದ ಹೊಗೆ ಎಳೆಯಾಗಿ ಏಳುತ್ತಿತ್ತು.

ಮುದುಕಿ ಎದ್ದು ಬಂದು ಮಾಧವಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಹೇಗಿತ್ತು?"

"ಗಟ್ಟಿ. ಲವಂಗ ಒಂಚೂರು ಜಾಸ್ತಿ."

ಫಿಲೋಮೆನಾ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. "ನನ್ನ ಲೂಚಿಯಾಳದು ಪ್ರತಿ ವರ್ಷ ಇದೇ ಮಾತು. ಇದೇ ಕುರ್ಚಿಯಲ್ಲಿ ಕೂತು, ಇದೇ ಮಾತು," ಎಂದಳು. ಮಾಧವಿಯನ್ನು ನೋಡಿ ಹೇಳಿದಳೋ, ಅವಳ ಹಿಂದೆ ನಿಂತವರನ್ನೋ ತಿಳಿಯಲಿಲ್ಲ. ಕೀಲಿಯನ್ನು ತೆಗೆದು ಅಳಿಯನ ಅಂಗೈಯಲ್ಲಿಟ್ಟಳು. "ಅವಳು ತಿಂದಾಯಿತು. ಹೊಟ್ಟೆ ತುಂಬಿದವಳನ್ನು ಹಿಡಿದಿಟ್ಟುಕೊಳ್ಳಬಾರದು."

ದೂರದಲ್ಲಿ ಬೆಲ್ ಬಡಿಯಿತು.

ಧ್ರುವ್ ಬೀಗ ತೆಗೆದ. ಬಾಗಿಲು ತೆರೆದಾಗ ಹೊರಗೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಆದರೂ ಬಾಗಿಲ ಪರದೆ ಉಬ್ಬಿತು, ಹೊರಗಡೆಗೆ. ಮಾಧವಿಯ ತೋಳಿನ ಪಕ್ಕದಲ್ಲಿ ಗಾಳಿ ಒಂದು ಕ್ಷಣ ಬೆಚ್ಚಗಾಗಿ ಹಾದುಹೋಯಿತು. ಹೋಗುತ್ತ ಅವಳ ಮುಂಗೈಯನ್ನು ಯಾರೋ ಮುಟ್ಟಿ ಬಿಟ್ಟಂತಾಯಿತು.

"ಹೋಗಿ ಬಾ," ಎಂದ ಧ್ರುವ್, ಕನ್ನಡದಲ್ಲೇ.

ಪರದೆ ಇಳಿಯಿತು. ಅವನು ತುಂಬ ಹೊತ್ತು ಹೊಸ್ತಿಲಲ್ಲೇ ನಿಂತಿದ್ದ. ಹಿಂದೆ ತಿರುಗಿದಾಗ ಮುಖ ತೊಳೆದಂತಿತ್ತು.

"ನಿಮ್ಮ ಹೆಸರು ಲಿಸ್ಟ್‌ನಲ್ಲಿ ನೋಡಿದಾಗೆಲ್ಲ ಖುಷಿ ಆಗ್ತಿತ್ತು," ಎಂದ. "ಆಮೇಲೆ ನಾಚಿಕೆ ಆಗ್ತಿತ್ತು. ನಿನ್ನೆ ಸೋಮವಾರದ ಮಾತು ಹೇಳಿದ್ರಲ್ಲ, ಗುಂಡಿ ಒಂದಡಿ ಜಾಸ್ತಿನೇ ಅಗೆದುಬಿಟ್ಟೆ."

"ನೋಡಿದೆ. ಗಿಡಕ್ಕೆ ದೊಗಳೆ ಆಯ್ತು."

"ಹೋಗಬೇಡಿ, ಮಾಧವಿ. ನಾನು ಕೇಳಬಹುದಾ ಹಾಗೆ?"

ಅವಳು ತಟ್ಟೆಯನ್ನು ನೋಡಿದಳು. ಉಳಿದ ಐದನ್ನು ಫಿಲೋಮೆನಾ ಆಗಲೇ ಮೂವರಿಗೂ ಹಂಚಲು ಎತ್ತಿಕೊಳ್ಳುತ್ತಿದ್ದಳು.

"ಅವಳ ಪಾಲಿನದು ಒಂದು ತಿಂದುಬಿಟ್ಟಿದ್ದೀನಲ್ಲ," ಎಂದಳು. "ಸತ್ತವರ ಋಣ. ನಾರ್ತ್ ಕ್ಯಾರೊಲೈನಾದಲ್ಲಿ ಕೂತು ತೀರಿಸೋಕಾಗಲ್ಲ."

"ಇಲ್ಲಿದ್ರೆ ತೀರತ್ತಾ?"

"ತೀರಲ್ಲ," ಎಂದಳು ಮಾಧವಿ. ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿ, ಅದರಲ್ಲಿ ಕೂರದೆ, ಪಕ್ಕದಲ್ಲಿ ಇನ್ನೊಂದನ್ನು ಎಳೆದುಕೊಂಡಳು. "ತೀರೋದು ಬೇಡ."