ಭಾನುವಾರ ನಾಲ್ಕಕ್ಕೆ ಕಡೂರು

ಬಾಗಿಲಲ್ಲೇ ಸುಮನಾಳ ಕಾಲುಗಳು ನಿಂತುಬಿಟ್ಟವು.

ಒಳಗೆ ಕುರ್ಚಿ ಜೋಡಿಸುತ್ತಿದ್ದವನು ತಲೆಯೆತ್ತಿದ. ರುದ್ರಮೂರ್ತಿ...

ನಾಲ್ಕು ವರ್ಷದ ಹಿಂದೆ ಅಜ್ಜಂಪುರದ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು. ಅವನ ಬಾಯಿಂದ ಹೆಂಡದ ವಾಸನೆ ಬಂದಾಗ ಅವಳು ಎರಡೂ ಮನೆಯವರ ಮುಂದೆ ಹೇಳಿದ್ದಳು: "ಕುಡುಕನ ಜೊತೆ ಬಾಳೋದಕ್ಕಿಂತ ಬಾವಿಗೆ ಬೀಳೋದು ವಾಸಿ."

ಅವನು ತಲೆ ತಗ್ಗಿಸಿಕೊಂಡು ಎದ್ದು ಹೋಗಿದ್ದ.

ಇವತ್ತು ಕುಡಿತ ಬಿಡುವವರ ಮೀಟಿಂಗ್ ಹುಡುಕಿಕೊಂಡು ಕಡೂರಿಗೆ ಬಂದಿದ್ದವಳು ಅವಳೇ.

"ಬನ್ನಿ, ಕೂತ್ಕೊಳ್ಳಿ" ಎಂದ ಅವನು.

"ನನಗಲ್ಲ... ನಮ್ಮ ಚಿಕ್ಕಪ್ಪನಿಗೆ. ವಿಚಾರಿಸ್ಕೊಂಡು ಹೋಗೋಣ ಅಂತ ಬಂದೆ."

ಅವಳಿಗೆ ಚಿಕ್ಕಪ್ಪನೇ ಇರಲಿಲ್ಲ. ಅವನು ಅವಳ ನಡುಗುವ ಬೆರಳುಗಳನ್ನು ನೋಡಿದ, ಒಂದು ಕುರ್ಚಿಯನ್ನು ಅವಳತ್ತ ಎಳೆದ.

"ಪರವಾಗಿಲ್ಲ, ಕೇಳಿಸ್ಕೊಳ್ಳಿ. ಇಲ್ಲಿ ಕೇಳಿದ್ದು ಇಲ್ಲೇ ಇರುತ್ತೆ."

ಹತ್ತು ಜನ ಗಂಡಸರು, ಹೆಂಗಸು ಅವಳೊಬ್ಬಳೇ. ಸುಮನಾ ಸೆರಗನ್ನು ಬಿಗಿಯಾಗಿ ಹೊದ್ದು ನೆಲ ನೋಡುತ್ತ ಕೂತಳು. ಒಬ್ಬೊಬ್ಬರೇ ಮಾತಾಡಿದರು. ಅವನ ಸರದಿ ಬಂತು.

"ನನ್ನ ಹೆಸರು ರುದ್ರಮೂರ್ತಿ. ನಾನೊಬ್ಬ ಮದ್ಯವ್ಯಸನಿ. ಕುಡಿದು ಹೆಣ್ಣು ನೋಡೋಕೆ ಹೋಗಿದ್ದವನು ನಾನು. ಆ ಹುಡುಗಿ ಅಂದಿದ್ದು ನಿಜವೇ ಆಗಿತ್ತು. ಬಿಟ್ಟು ಮೂರು ವರ್ಷ ಆಯ್ತು."

ಸುಮನಾಳ ಕಿವಿ ಸುಟ್ಟಿತು. ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಅಣ್ಣ ಷಡಕ್ಷರಿ ಬೈಕ್ ಅಪಘಾತದಲ್ಲಿ ಹೋದಮೇಲೆ ಶುರುವಾಗಿದ್ದು ಇದು. ಅವನ ಬೀರುವಿನಲ್ಲಿ ಅರ್ಧ ಬಾಟಲಿ ಉಳಿದಿತ್ತು. ನಿದ್ದೆ ಬರಲಿ ಎಂದು ಒಂದು ಗುಟುಕು... ಅದು ಮುಗಿದಮೇಲೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ತರೀಕೆರೆಗೆ ಬಸ್ಸು ಹತ್ತಿದಳು, ಗುರುತಿನವರಿಲ್ಲದ ಅಂಗಡಿಗೆ. ಶಾಲೆಯಲ್ಲಿ ಲೆಕ್ಕದ ಪಾಠ ಹೇಳುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡಳಲ್ಲ, ಆವತ್ತೇ ಫೋನಿನಲ್ಲಿ ಈ ಮೀಟಿಂಗ್ ಹುಡುಕಿದ್ದು.

ಮೂರನೇ ವಾರ ಅವಳು ಬಾಯಿಬಿಟ್ಟಳು.

"ಚಿಕ್ಕಪ್ಪ ಯಾರೂ ಇಲ್ಲ. ಕುಡಿಯೋದು ನಾನು..."

ಯಾರೂ ನಗಲಿಲ್ಲ. ರಿಟೈರ್ಡ್ ಕಂಡಕ್ಟರ್ ಪುಟ್ಟಯ್ಯ, "ಒಳ್ಳೇದಾಯ್ತು ಬಿಡವ್ವ, ಭಾರ ಇಳೀತು" ಅಂದರು. ರುದ್ರಮೂರ್ತಿ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ. "ಆಸೆ ಆದಾಗ ಫೋನ್ ಮಾಡಿ. ಕುಡಿದಮೇಲೆ ಅಲ್ಲ, ಕುಡಿಯೋಕೆ ಮುಂಚೆ" ಎಂದ. ಅವಳಿಗೆ ಎಷ್ಟೋ ದಿನದ ಮೇಲೆ ನಗು ಬಂತು.

ಆರನೇ ವಾರ, ನಲ್ಲಿ ಹತ್ತಿರ ಪಕ್ಕದ ಮನೆಯ ಕರಿಬಸಮ್ಮ ಕೊಡ ಇಳಿಸಿ ಕೇಳಿದಳು: "ಕಡೂರಲ್ಲಿ ಕುಡುಕರ ಸಭೆಗೆ ಹೋಗ್ತೀಯಂತೆ, ಹೌದೇನೇ?"

ಸುಮನಾಳ ಕೈಯಿಂದ ಕೊಡ ಜಾರಿತು. ಯಾರು ಹೇಳಿದ್ದು? ಆ ಮೀಟಿಂಗಿನಲ್ಲಿ ಅವಳ ಊರು, ಮನೆ ಬಲ್ಲವನು ರುದ್ರಮೂರ್ತಿ ಒಬ್ಬನೇ!

"ಸೇಡು ತೀರಿಸ್ಕೊಂಡ್ರಾ?" ಫೋನಿನಲ್ಲಿ ಅವಳ ದನಿ ಒಡೆಯಿತು. "ಊರಿಗೆಲ್ಲ ಸಾರಿಬಿಟ್ರಲ್ಲ."

"ನಾನು ಯಾರಿಗೂ ಹೇಳಿಲ್ಲ, ಸುಮನಾ. ನನ್ನ ನಂಬದಿದ್ರೂ ಮೀಟಿಂಗ್ ಬಿಡ್ಬೇಡಿ."

ಅವಳು ಫೋನ್ ಕಟ್ ಮಾಡಿದಳು. ಅಂದು ಮತ್ತೆ ಕುಡಿದಳು.

ಬೆಳಿಗ್ಗೆ ಅವ್ವ ತೀರ್ಥಮ್ಮ ಮಂಚದ ಬದಿಯಲ್ಲಿ ಕೂತಿದ್ದಳು.

"ನಿನ್ನ ಬಾಯಿ ವಾಸನೆ ನಂಗೆ ವರ್ಷದಿಂದ ಗೊತ್ತು ಕಣೇ. ಕೇಳೋಕೆ ನಾಲಿಗೆ ಬರ್ಲಿಲ್ಲ. ನಿನ್ನ ಬ್ಯಾಗಲ್ಲಿ ಏನೋ ಚೀಟಿ ಸಿಕ್ತು. ನಂಗೆಲ್ಲಿ ಓದೋಕೆ ಬತ್ತದೆ... ಕರಿಬಸಿ ಕೈಲಿ ಓದಿಸ್ಬಿಟ್ಟೆ. ಭಾನುವಾರ ನಾಲ್ಕಕ್ಕೆ ಕಡೂರು, ಕುಡಿತ ಬಿಡೋರ ಮೀಟಿಂಗು ಅಂತ ಬರೆದಿತ್ತಂತೆ. ತಪ್ಪು ನಂದು."

ಸುಮನಾ ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು. ಕುಡಿದಿದ್ದಕ್ಕಿಂತ, ಅವನಿಗೆ ಅಂದ ಮಾತೇ ಹೆಚ್ಚು ನಾಚಿಕೆ ತರುತ್ತಿತ್ತು. ಎರಡನೇ ಸಲ... ಅದೇ ಮನುಷ್ಯನಿಗೆ.

ಭಾನುವಾರ ಕಡೂರಿಗೆ ಹೋದರೆ ಅವನಿರಲಿಲ್ಲ.

"ತರೀಕೆರೆ ಮೀಟಿಂಗಿಗೆ ಹೋಗ್ತಾನಂತೆ ಕಣವ್ವ, ಬುಧವಾರ ಬುಧವಾರ," ಪುಟ್ಟಯ್ಯ ಹೇಳಿದರು. "ತಾನಿದ್ರೆ ನೀನು ಬರಲ್ಲ, ನಿನಗೀ ಜಾಗ ತಪ್ಪಬಾರ್ದು ಅಂದ. ನಾಲ್ಕು ಕುರ್ಚಿ ಹಾಕೋಕೂ ಈಗ ನಾನೇ ಬೇಕು ನೋಡು."

ಬುಧವಾರ ಶಾಲೆ ಬಿಟ್ಟವಳೇ ಸುಮನಾ ತರೀಕೆರೆ ಬಸ್ಸು ಹತ್ತಿದಳು. ಈ ಸಲ ಮುಖಕ್ಕೆ ದುಪಟ್ಟಾ ಸುತ್ತಲಿಲ್ಲ.

ಅವನು ಹಿಂದಿನ ಸಾಲಿನಲ್ಲಿದ್ದ. ಸರದಿ ಬಂದಾಗ ಅವಳು ಎದ್ದು ನಿಂತಳು.

"ನನ್ನ ಹೆಸರು ಸುಮನಾ. ನಾನೂ ಮದ್ಯವ್ಯಸನಿ. ಒಬ್ಬರನ್ನ ಹತ್ತು ಜನರ ಮುಂದೆ ಕುಡುಕ ಅಂದು ಕಳಿಸಿದ್ದೆ. ಮೊನ್ನೆ ಅವರ ಮೇಲೇ ಸುಳ್ಳು ಅಪವಾದ ಹೊರಿಸಿದೆ. ಎರಡಕ್ಕೂ ಹತ್ತು ಜನರ ಮುಂದೆಯೇ ಕ್ಷಮೆ ಕೇಳ್ತಿದ್ದೀನಿ."

ರುದ್ರಮೂರ್ತಿ ಕಣ್ಣೊರೆಸಿಕೊಂಡ.

ಹೊರಗೆ ಬಂದು ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

"ನಿಮ್ಮನ್ನ ಮೊದಲ ದಿನ ಬಾಗಿಲಲ್ಲಿ ನೋಡಿದಾಗ ಓಡಿಹೋಗೋಣ ಅನ್ನಿಸ್ತು," ಅವನೆಂದ. "ಈಗ ನೀವು ಬರದೇ ಇದ್ರೆ ಭಾನುವಾರ ಕಳೆಯಲ್ಲ. ಇದನ್ನ ಹೇಳೋ ಹೊತ್ತಲ್ಲ ಇದು, ಗೊತ್ತು. ಕುಡಿತ ಬಿಟ್ಟ ಮೊದಲ ವರ್ಷ ದೊಡ್ಡ ನಿರ್ಧಾರ ಬೇಡ ಅಂತಾರೆ ಮೀಟಿಂಗಿನ ಹಿರಿಯರು."

"ನಾನು ಬಿಟ್ಟು ಇನ್ನೂ ಐದೇ ದಿನ," ಅವಳು ತಲೆ ತಗ್ಗಿಸಿದಳು. "ನನ್ನಂಥವಳಿಗೆ ಕಾಯ್ತೀರಾ?"

"ನಿಮ್ಮಂಥವನೇ ನಾನೂ. ಕಾಯ್ತೀನಿ."

ಅಜ್ಜಂಪುರದ ಬಸ್ಸು ಬಂತು. ಮೆಟ್ಟಿಲು ಹತ್ತಿ ಅವಳು ತಿರುಗಿದಳು.

"ಭಾನುವಾರ ಕಡೂರಿಗೆ ಬರ್ತೀರಲ್ವಾ?"

"ನಾನು ಬರದಿದ್ರೂ ನೀವು ಬರಬೇಕು."

"ಬರ್ತೀನಿ," ಎಂದಳು ಸುಮನಾ. "ಆದ್ರೂ... ನೀವು ಬನ್ನಿ."